ಮೊಳಕೆ ರಾಗಿಯೋ, ಆಲೂಗಡ್ಡೆಯೋ? ಕಿಣ್ವ, ಡಿಎನ್‌ಎ, ಚಯಾಪಚಯದ ಪಾಠಕ್ಕೆ ಪ್ರಯೋಗ ಆರಿಸುವ ಬಗೆ

ಹತ್ತನೇ ತರಗತಿಗೆ 'ಜೀವಕ್ರಿಯೆಗಳು' ಪಾಠ ಶುರುವಾಗುವ ಹಿಂದಿನ ವಾರ ಪ್ರತಿ ವರ್ಷ ನನಗೆ ಒಂದೇ ಯೋಚನೆ. ಕಿಣ್ವ, ಅಂದರೆ ಜೀವಕೋಶದ ರಾಸಾಯನಿಕ ಕೆಲಸಗಳನ್ನು ಚುರುಕುಗೊಳಿಸುವ ಪ್ರೋಟೀನ್, ಇದನ್ನು ಈ ಸಲ ಯಾವುದರಿಂದ ತೋರಿಸಲಿ? ಪೀರಿಯಡ್ ನಲವತ್ತು ನಿಮಿಷದ್ದು. ಮಕ್ಕಳು ಐವತ್ತರ ಮೇಲೆ. ಟೆಸ್ಟ್ ಟ್ಯೂಬ್ ಎಣಿಸಿದರೆ ಹದಿನೆಂಟು. ಸಾಮಾನು ಬರಬೇಕಾದದ್ದು ಮೆಡಿಕಲ್ ಶಾಪಿನಿಂದ, ದಿನಸಿ ಅಂಗಡಿಯಿಂದ, ಇಲ್ಲಾಂದ್ರೆ ಮಕ್ಕಳ ಮನೆಯ ಅಡುಗೆಮನೆಯಿಂದ.

ಪ್ರಯೋಗಗಳಿಗೆ ಬರವಿಲ್ಲ. ಆರಿಸುವುದೇ ಕಷ್ಟ. ನೊರೆ ಉಕ್ಕುವುದು, ಬಲೂನು ಉಬ್ಬುವುದು, ಬಾಳೆಹಣ್ಣಿನಿಂದ ಬಿಳಿ ಎಳೆ ಏಳುವುದು, ಎಲ್ಲವೂ ನೋಡಲು ಚೆಂದ. ಆದರೆ ಚೆಂದ ನೋಡಿದ ಮಗು ಮಾರನೇ ದಿನ ಏನು ನೆನಪಿಟ್ಟುಕೊಂಡಿದೆ ಅಂತ ಕೇಳಿದರೆ 'ನೊರೆ ಬಂತು ಮಿಸ್' ಅನ್ನುತ್ತದೆ. ಅಷ್ಟೇ. ಹಾಗಾಗಿ ಈಗ ನಾನು ಯಾವ ಪ್ರಯೋಗವನ್ನಾದರೂ ಎರಡು ಪ್ರಶ್ನೆ ಹಾಕಿ ಅಳೆಯುತ್ತೇನೆ. ಮಗು ಇದರಲ್ಲಿ ಏನನ್ನಾದರೂ ತಾನೇ ಬದಲಾಯಿಸಿ ನೋಡಬಹುದಾ? ಇವತ್ತು ನೋಡಿದ್ದು ನಾಳೆಯ ಪಾಠಕ್ಕೆ ದಾರಿ ಮಾಡಿಕೊಡುತ್ತದಾ?

ಎರಡನೆಯ ಪ್ರಶ್ನೆ ನನಗೆ ಹೆಚ್ಚು ಮುಖ್ಯ. ಪಿಷ್ಟ, ಕಿಣ್ವ, ಡಿಎನ್‌ಎ, ಉಸಿರಾಟ ಇವೆಲ್ಲ ಪುಸ್ತಕದಲ್ಲಿ ಬೇರೆ ಬೇರೆ ಪಾಠ. ಜೀವಕೋಶದಲ್ಲಿ ಒಂದೇ ಕೆಲಸದ ನಾಲ್ಕು ತುಂಡು. ಈ ನಂಟು ಮಕ್ಕಳಿಗೆ ಕಾಣದಿದ್ದರೆ ಪಿಯುಸಿಗೆ ಹೋದ ಮೇಲೆ 'ಜೈವಿಕ ಅಣುಗಳು' ಬರೀ ಬಾಯಿಪಾಠದ ಪಟ್ಟಿಯಾಗುತ್ತದೆ.

ಕಿಣ್ವಕ್ಕೆ: ಆಲೂಗಡ್ಡೆ, ಜೊಲ್ಲು, ರಾಗಿ

ಬೇಗ ಆಗುವುದು ಆಲೂಗಡ್ಡೆ. ಮೆಡಿಕಲ್ ಶಾಪಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿ ಸಿಗುತ್ತದೆ. ಸಾಮಾನ್ಯವಾಗಿ 6 ಶೇಕಡಾದ್ದು. ಅದರ ಮೇಲೆ '20 ವಾಲ್ಯೂಮ್' ಅಂತ ಇರುತ್ತದೆ. ಅಂದರೆ ಒಂದು ಮಿಲಿ ದ್ರಾವಣದಿಂದ 20 ಮಿಲಿ ಆಕ್ಸಿಜನ್ ಬರಬಹುದು. ಅದಕ್ಕೆ ಅಷ್ಟೇ ನೀರು ಬೆರೆಸಿ, ಹಸಿ ಆಲೂಗಡ್ಡೆಯ ತುಂಡು ಹಾಕಿ. ತಕ್ಷಣ ನೊರೆ ಏಳುತ್ತದೆ. ಕೆಂಡವಿರುವ ಊದುಬತ್ತಿಯನ್ನು ಟ್ಯೂಬಿನ ಬಾಯಿಯೊಳಗೆ ಇಳಿಸಿದರೆ ಕೆಂಡ ಹೊಳೆಯುತ್ತದೆ, ಕೆಲವೊಮ್ಮೆ ಉರಿಯೇ ಹತ್ತುತ್ತದೆ. ಆಲೂಗಡ್ಡೆಯಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವದ ಕೆಲಸ ಇದು. ಇದರ ಒಂದೇ ಒಂದು ಅಣು ಸೆಕೆಂಡಿಗೆ ಹತ್ತಾರು ಲಕ್ಷ ಪೆರಾಕ್ಸೈಡ್ ಅಣುಗಳನ್ನು ಒಡೆಯಬಲ್ಲದು.

ಇದರಲ್ಲಿ ಬದಲಾಯಿಸಲು ಬೇಕಾದಷ್ಟಿದೆ. ಬೇಯಿಸಿದ ತುಂಡು ಹಾಕಿದರೆ ನೊರೆ ಇಲ್ಲ. ಅದೇ ತೂಕದ ತುಂಡನ್ನು ಸಣ್ಣಗೆ ಹೆಚ್ಚಿ ಹಾಕಿದರೆ ನೊರೆ ಜಾಸ್ತಿ. ಸ್ಕೇಲಿನಲ್ಲಿ ನೊರೆಯ ಎತ್ತರ ಅಳೆದು ಗ್ರಾಫ್ ಹಾಕಬಹುದು. ನೊರೆ ಪೂರ್ತಿ ನಿಂತ ಮೇಲೆ ಅದೇ ಆಲೂಗಡ್ಡೆಗೆ ಮತ್ತೆ ಪೆರಾಕ್ಸೈಡ್ ಸುರಿಯಿರಿ. ಮತ್ತೆ ಉಕ್ಕುತ್ತದೆ. ಕಿಣ್ವ ಖರ್ಚಾಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ನನಗೆ ಸಿಕ್ಕಿಲ್ಲ. ಆಕ್ಸಿಜನ್ ಆಲೂಗಡ್ಡೆಯಿಂದ ಬಂತು ಅಂತ ಅರ್ಧ ತರಗತಿ ತಿಳಿದುಕೊಂಡಿರುತ್ತದೆ. ಅದನ್ನು ಅಲ್ಲೇ ತಿದ್ದಬೇಕು. ಬಂದದ್ದು ಪೆರಾಕ್ಸೈಡ್‌ನಿಂದ. ಗಾಯಕ್ಕೆ ಈ ದ್ರಾವಣ ಹಾಕಿದಾಗ ನೊರೆ ಬಂದದ್ದನ್ನು ಕೆಲವು ಮಕ್ಕಳು ನೋಡಿರುತ್ತಾರೆ. ಆ ನೊರೆಯೂ ರಕ್ತದಲ್ಲಿರುವ ಇದೇ ಕಿಣ್ವದ್ದು.

ಎಚ್ಚರಿಕೆ ಎರಡು. ಬಹಳ ದಿನ ತೆರೆದಿಟ್ಟ ಬಾಟಲಿ ಸತ್ವ ಕಳೆದುಕೊಂಡಿರುತ್ತದೆ, ಹೊಸದು ತನ್ನಿ. ಚರ್ಮಕ್ಕೆ, ಕಣ್ಣಿಗೆ ತಾಗಬಾರದು. ಸುರಿಯುವ ಕೆಲಸ ನೀವೇ ಮಾಡಿ.

ಆದರೆ ಈ ಪ್ರಯೋಗಕ್ಕೆ ಒಂದು ಕೊರತೆ ಇದೆ. ಇದು ನಾಳೆಗೆ ಎಲ್ಲೂ ಕರೆದುಕೊಂಡು ಹೋಗುವುದಿಲ್ಲ. ಪೆರಾಕ್ಸೈಡ್ ಮಗುವಿನ ಊಟದಲ್ಲಿಲ್ಲ, ಮುಂದಿನ ಪಾಠದಲ್ಲೂ ಇಲ್ಲ. ಒಂದೇ ಪೀರಿಯಡ್ ಇದೆ, ಕಿಣ್ವದ ಗುಣ ಮಾತ್ರ ತೋರಿಸಿದರೆ ಸಾಕು ಅನ್ನುವವರಿಗೆ ಇದೇ ಸರಿ.

ಎರಡನೆಯದು ಜೊಲ್ಲು ಮತ್ತು ಗಂಜಿ. ಪುಸ್ತಕದಲ್ಲೇ ಇದೆ. ಅನ್ನದ ಗಂಜಿಯ ತಿಳಿಗೆ ಅಯೋಡಿನ್ ಹಾಕಿದರೆ ಕಡುನೀಲಿ. ಜೊಲ್ಲು ಸೇರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ನೀಲಿ ಬರುವುದು ನಿಲ್ಲುತ್ತದೆ. ಮೊದಲ ವರ್ಷ ನನಗಿದು ಕೈಕೊಟ್ಟಿತ್ತು. ಗಂಜಿ ದಪ್ಪವಾಗಿತ್ತು, ಅಯೋಡಿನ್ ಜಾಸ್ತಿಯಾಗಿತ್ತು. ಪೀರಿಯಡ್ ಮುಗಿದರೂ ಎಲ್ಲ ಟ್ಯೂಬೂ ನೀಲಿ. ಈಗ ಗಂಜಿ ತಿಳಿಗೆ ಹತ್ತು ಪಟ್ಟು ನೀರು ಬೆರೆಸುತ್ತೇನೆ. ಅಯೋಡಿನ್ನನ್ನು ಟ್ಯೂಬಿಗೆ ಹಾಕುವುದೇ ಇಲ್ಲ. ಬಿಳಿ ಟೈಲ್ಸ್ ಚೂರಿನ ಮೇಲೆ ಅಯೋಡಿನ್ ಹನಿಗಳನ್ನು ಸಾಲಾಗಿ ಇಟ್ಟು, ನಿಮಿಷಕ್ಕೊಮ್ಮೆ ಟ್ಯೂಬಿನಿಂದ ಒಂದು ಹನಿ ತೆಗೆದು ಅದರ ಮೇಲೆ ಬಿಡುವುದು. ಕಡುನೀಲಿ, ಆಮೇಲೆ ಕೆಂಗಂದು, ಕೊನೆಗೆ ಬರೀ ಅಯೋಡಿನ್‌ನ ಬಣ್ಣ. ಪಿಷ್ಟ ಕರಗುತ್ತಾ ಹೋದದ್ದು ಟೈಲ್ಸ್ ಮೇಲೆ ಬರೆದಿಟ್ಟ ಹಾಗೆ ಉಳಿಯುತ್ತದೆ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಹೇಳಲೇಬೇಕು. ಆಮ್ಲದ ಪರಿಣಾಮ ನೋಡಲು ನಿಂಬೆರಸ ಹಾಕಬೇಡಿ. ನಿಂಬೆಯ ವಿಟಮಿನ್ ಸಿ ತಾನೇ ಅಯೋಡಿನ್‌ನ ಬಣ್ಣ ತೆಗೆದುಬಿಡುತ್ತದೆ. ಕಿಣ್ವ ನಿಂತುಹೋಗಿದ್ದರೂ 'ಪಿಷ್ಟ ಹೋಯಿತು' ಅಂತ ತಪ್ಪು ಉತ್ತರ ಬರುತ್ತದೆ. ವಿನೆಗರ್ ಬಳಸಿ.

ಜೊಲ್ಲಿನ ದೊಡ್ಡ ಲಾಭ ಅಂದರೆ ಅದು ಡಿಎನ್‌ಎ ಪಾಠಕ್ಕೆ ನೇರ ದಾರಿ. ಎಲ್ಲ ಮಕ್ಕಳ ಟ್ಯೂಬೂ ಒಂದೇ ಹೊತ್ತಿಗೆ ತಿಳಿಯಾಗುವುದಿಲ್ಲ. ಯಾಕೆ? ಜೊಲ್ಲಿನ ಅಮೈಲೇಸ್ ತಯಾರಿಸುವ ಜೀನ್ ಎಲ್ಲರಲ್ಲೂ ಒಂದೇ ಸಂಖ್ಯೆಯಲ್ಲಿಲ್ಲ. ಕೆಲವರಲ್ಲಿ ಎರಡು ಪ್ರತಿ, ಕೆಲವರಲ್ಲಿ ಹತ್ತಕ್ಕೂ ಹೆಚ್ಚು. ಪಿಷ್ಟ ಹೆಚ್ಚಾಗಿ ತಿನ್ನುವ ಜನಸಮುದಾಯಗಳಲ್ಲಿ ಸರಾಸರಿ ಪ್ರತಿಗಳು ಹೆಚ್ಚು ಎಂದು 2007ರ ಒಂದು ಅಧ್ಯಯನ ತೋರಿಸಿತು. ತಕ್ಷಣ ಒಂದು ಮಾತು ಸೇರಿಸಿ: ಟ್ಯೂಬಿನ ವೇಗ ಜೀನ್ ಒಂದರಿಂದಲೇ ಬರುವುದಲ್ಲ. ಆಗ ತಾನೇ ತಿಂದಿದ್ದು, ಬಾಯಿ ಒಣಗಿದ್ದು, ಎಷ್ಟು ಜೊಲ್ಲು ಹಾಕಿದ್ದು ಎಲ್ಲವೂ ಸೇರುತ್ತದೆ. ಇಲ್ಲಾಂದ್ರೆ ಮಕ್ಕಳು ಅದನ್ನೇ ಗೆಲುವು ಸೋಲು ಮಾಡಿಕೊಳ್ಳುತ್ತಾರೆ.

ಕಷ್ಟ ಏನೆಂದರೆ ಜೊಲ್ಲೇ. ನಮ್ಮಲ್ಲಿ ಎಂಜಲು ಅನ್ನುವ ಮಾತಿಗೆ ಬಹಳ ಭಾರ ಇದೆ. ಕೆಲವು ಹುಡುಗಿಯರು ಎಲ್ಲರೆದುರು ಉಗುಳಲು ಒಪ್ಪುವುದಿಲ್ಲ. ಒತ್ತಾಯ ಮಾಡಬಾರದು. ಪ್ರತಿಯೊಬ್ಬರೂ ತಮ್ಮ ತಮ್ಮ ಜೊಲ್ಲನ್ನು ಮಾತ್ರ ಮುಟ್ಟಬೇಕು, ಟ್ಯೂಬನ್ನು ತಾವೇ ತೊಳೆಯಬೇಕು. ಇಷ್ಟು ಶಿಸ್ತು ಐವತ್ತು ಮಕ್ಕಳಲ್ಲಿ ಕಷ್ಟ.

ಹೀಗಾಗಿ ನಾನು ಬಂದು ನಿಂತದ್ದು ಮೊಳಕೆ ರಾಗಿಯ ಹತ್ತಿರ. ಇದನ್ನು ಯಾಕೆ ಇಷ್ಟು ಕಡಿಮೆ ಮಾಡುತ್ತಾರೋ ಗೊತ್ತಿಲ್ಲ. ನಮ್ಮ ಹಳೇ ಮೈಸೂರು ಕಡೆ ಕೂಸುಗಳಿಗೆ ಮೊಳಕೆ ಕಟ್ಟಿದ ರಾಗಿಯಿಂದ 'ರಾಗಿ ಸರಿ' ಮಾಡುತ್ತಾರೆ. ಮೊಳಕೆ ಬರುವಾಗ ಕಾಳು ತನ್ನ ಪಿಷ್ಟ ಒಡೆಯಲು ಅಮೈಲೇಸ್ ತಯಾರಿಸಿಕೊಳ್ಳುತ್ತದೆ. ಆ ಹಿಟ್ಟಿನಲ್ಲಿ ಕಿಣ್ವ ತುಂಬಿರುತ್ತದೆ.

ಮಾಡುವುದು ಹೀಗೆ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಮೊಳಕೆ ಬರಿಸಿ, ಬಿಸಿಲಿನಲ್ಲಿ ಒಣಗಿಸಿ ಪುಡಿ ಮಾಡಿ. ತರಗತಿಯಲ್ಲಿ ಮಾಮೂಲಿ ರಾಗಿ ಹಿಟ್ಟಿನ ಗಟ್ಟಿ ಗಂಜಿ ಕಾಯಿಸಿ. ಒಂದು ಲೋಟ ನೀರಿಗೆ ಮೂರು ಚಮಚ ಹಿಟ್ಟು. ಬೆರಳು ತಡೆಯುವಷ್ಟು ಬಿಸಿಗೆ ಆರಲಿ. ಮೂರು ಬಟ್ಟಲಿಗೆ ಹಂಚಿ. ಒಂದಕ್ಕೆ ಒಂದು ಚಮಚ ಮೊಳಕೆ ಪುಡಿ. ಎರಡನೆಯದಕ್ಕೆ ಅದೇ ಪುಡಿಯನ್ನು ಬಾಣಲೆಯಲ್ಲಿ ಚೆನ್ನಾಗಿ ಹುರಿದು ಹಾಕಿ. ಮೂರನೆಯದಕ್ಕೆ ಮೊಳಕೆ ಬರಿಸದ ಹಿಟ್ಟು. ಕಲಸಿ ಹತ್ತು ನಿಮಿಷ ಕಾಯಿರಿ. ಮೊದಲನೆಯ ಬಟ್ಟಲಿನ ಗಂಜಿ ನೀರಾಗುತ್ತದೆ. ಉಳಿದವು ಗಟ್ಟಿಯಾಗೇ ಇರುತ್ತವೆ. ತಟ್ಟೆಯನ್ನು ಓರೆ ಹಿಡಿದು ಒಂದೊಂದು ಚಮಚ ಹಾಕಿದರೆ ಯಾವುದು ಎಷ್ಟು ಸೆಕೆಂಡಿನಲ್ಲಿ ಕೆಳಗೆ ಜಾರಿತು ಅಂತ ಮಕ್ಕಳೇ ಅಳೆಯುತ್ತಾರೆ. ವಿಷ ಇಲ್ಲ, ಎಂಜಲು ಇಲ್ಲ, ಖರ್ಚು ಕೆಲವೇ ರೂಪಾಯಿ.

ಅಂಗಡಿಯ ರಾಗಿ ಮಾಲ್ಟ್ ಪ್ಯಾಕೆಟ್ ತಂದರೆ ಕೆಲಸ ಆಗದೇ ಇರಬಹುದು. ಘಮ ಬರಲಿ ಅಂತ ಹುರಿದಿರುತ್ತಾರೆ. ಶಾಖಕ್ಕೆ ಕಿಣ್ವ ಕೆಟ್ಟಿರುತ್ತದೆ. ಗಂಜಿ ಒಲೆಯಿಂದ ಇಳಿಸಿದ ಕೂಡಲೇ ಪುಡಿ ಹಾಕಿದರೂ ಅದೇ ಕಥೆ.

ಒಂದು ವರ್ಷ ಇದೇ ಪ್ರಯೋಗದ ನಡುವೆ ಒಬ್ಬ ಹುಡುಗಿ ಕೇಳಿದಳು. "ಮಿಸ್, ಅನ್ನ ಅಗೀತೀವಿ ಸರಿ. ಮುದ್ದೆ ಅಗಿಯಲ್ವಲ್ಲ, ನುಂಗ್ತೀವಿ. ಜೊಲ್ಲು ಅದಕ್ಕೆ ಏನು ಮಾಡತ್ತೆ?" ನನಗೆ ಆ ದಿನದ ಪಾಠ ಅಲ್ಲಿಂದಲೇ ಶುರುವಾಯಿತು. ಮುದ್ದೆಗೆ ಬಾಯಲ್ಲಿ ಸಿಗುವ ಹೊತ್ತು ಬಹಳ ಕಡಿಮೆ. ಹೊಟ್ಟೆಗಿಳಿದ ಮೇಲೆ ಅಲ್ಲಿನ ಆಮ್ಲ ಜೊಲ್ಲಿನ ಅಮೈಲೇಸನ್ನು ನಿಲ್ಲಿಸುತ್ತದೆ. ದೊಡ್ಡ ಕೆಲಸವೆಲ್ಲ ಸಣ್ಣ ಕರುಳಿನಲ್ಲಿ, ಮೇದೋಜೀರಕ ಗ್ರಂಥಿ ಕಳಿಸುವ ಅಮೈಲೇಸ್‌ನಿಂದ. ಪುಸ್ತಕದ ಒಂದು ಸಾಲು ಅವಳ ಮನೆಯ ಊಟವಾಯಿತು.

ಇನ್ನೆರಡು ಆಯ್ಕೆ ಬೇಗ ಹೇಳಿಬಿಡುತ್ತೇನೆ. ಅನಾನಸ್ ಹಾಕಿದರೆ ಜೆಲ್ಲಿ ಗಟ್ಟಿಯಾಗುವುದಿಲ್ಲ ಅನ್ನುವ ಪ್ರಯೋಗ ಚೆನ್ನಾಗಿದೆ, ಆದರೆ ಜೆಲಾಟಿನ್ ಇದ್ದರೆ ಮಾತ್ರ. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಚೈನಾ ಗ್ರಾಸ್. ಅದು ಕಡಲಪಾಚಿಯ ಕಾರ್ಬೋಹೈಡ್ರೇಟ್, ಪ್ರೋಟೀನ್ ಅಲ್ಲ. ಅನಾನಸ್‌ನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಪ್ರೋಟೀನನ್ನು ಮಾತ್ರ ಕತ್ತರಿಸುತ್ತದೆ. ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವುದರಿಂದ ಮಕ್ಕಳಿಗೆ ಮೊದಲೇ ತಿಳಿಸುವುದೂ ಒಳ್ಳೆಯದು. ಕೃಷಿಕರ ಮಕ್ಕಳು ಹೆಚ್ಚಿರುವ ಶಾಲೆಗೆ ಯೂರಿಯಾ ಪ್ರಯೋಗ ಬಹಳ ಹಿಡಿಸುತ್ತದೆ. ನೆನೆಸಿ ಅರೆದ ಸೋಯಾ ಕಾಳಿನಲ್ಲೋ ಹುರುಳಿಯಲ್ಲೋ ಯೂರಿಯಾ ಒಡೆಯುವ ಯೂರಿಯೇಸ್ ಎಂಬ ಕಿಣ್ವ ಇದೆ. ಅದಕ್ಕೆ ಯೂರಿಯಾ ಗೊಬ್ಬರದ ನೀರು ಬೆರೆಸಿದರೆ ಅಮೋನಿಯಾ ಬರುತ್ತದೆ, ಅರಿಸಿನದ ಕಾಗದ ಅದ್ದಿದರೆ ಕೆಂಪಾಗುತ್ತದೆ. ಕಿಣ್ವವೆಂದರೆ ಪ್ರೋಟೀನ್ ಅಂತ 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ತೋರಿಸಿದ್ದು ಇದೇ ಯೂರಿಯೇಸನ್ನು ಒಂದು ಜಾತಿಯ ದ್ವಿದಳ ಕಾಳಿನಿಂದ ಹರಳುಗಟ್ಟಿಸಿ.

ಡಿಎನ್‌ಎಗೆ: ಬಾಳೆಹಣ್ಣು ಬೇಡ, ಈರುಳ್ಳಿ ಇರಲಿ

ಎಲ್ಲರೂ ಬಾಳೆಹಣ್ಣು ತೋರಿಸುತ್ತಾರೆ. ಹಿಸುಕಿ, ಉಪ್ಪು ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಸೋಸಿ, ತಣ್ಣಗಿನ ಆಲ್ಕೊಹಾಲ್. ಬಿಳಿ ಎಳೆಗಳ ಮೋಡ ಏಳುತ್ತದೆ. ಆದರೆ ಬಾಳೆಯಲ್ಲಿ ಪೆಕ್ಟಿನ್ ಎಂಬ ಅಂಟು ಪದಾರ್ಥ ಜಾಸ್ತಿ. ಅದೂ ಆಲ್ಕೊಹಾಲಿನಲ್ಲಿ ಲೋಳೆಯಾಗಿ ಮೇಲೆ ಬರುತ್ತದೆ. ಮಕ್ಕಳು ಕೋಲಿಗೆ ಸುತ್ತಿಕೊಂಡು 'ಡಿಎನ್‌ಎ' ಅಂತ ಕುಣಿಯುವುದರಲ್ಲಿ ಒಳ್ಳೆಯ ಪಾಲು ಪೆಕ್ಟಿನ್ ಇರಬಹುದು. ಅನುಮಾನ ಇದ್ದರೆ ಲಿಕ್ವಿಡ್ ಹಾಕದೆ, ಸೋಸಿದ ರಸಕ್ಕೆ ನೇರವಾಗಿ ಆಲ್ಕೊಹಾಲ್ ಸುರಿದು ನೋಡಿ. ಈ ಹೋಲಿಕೆಯ ಟ್ಯೂಬನ್ನು ಪಕ್ಕದಲ್ಲಿಟ್ಟು ಮಾಡಿದರೆ ಬಾಳೆಹಣ್ಣೂ ಒಳ್ಳೆಯ ಪಾಠವೇ.

ಈರುಳ್ಳಿಯಲ್ಲಿ ಈ ತೊಂದರೆ ಕಡಿಮೆ. ವರ್ಷವಿಡೀ ಸಿಗುತ್ತದೆ. ಕಣ್ಣುರಿ ಒಂದು ಬಿಟ್ಟರೆ ತೊಡಕಿಲ್ಲ. ಸ್ಟ್ರಾಬೆರಿ ಚೆನ್ನಾಗಿ ಬರುತ್ತದೆ, ಅದರ ಕೋಶದಲ್ಲಿ ಪ್ರತಿ ಬಗೆಯ ಕ್ರೋಮೋಸೋಮಿನ ಎಂಟು ಪ್ರತಿಗಳಿವೆ ಅನ್ನುವುದೂ ಅದಕ್ಕೆ ಒಂದು ಕಾರಣ. ಏಲಕ್ಕಿ ಬಾಳೆಯಲ್ಲಿ ಎರಡು, ಪಚ್ಚಬಾಳೆಯಲ್ಲಿ ಮೂರು. ಆದರೆ ಸ್ಟ್ರಾಬೆರಿ ಎಲ್ಲ ಊರಿನಲ್ಲೂ ಸಿಗುವುದಿಲ್ಲ, ಬೆಲೆಯೂ ಜಾಸ್ತಿ. ಉಪ್ಪು ನೀರು ಮುಕ್ಕಳಿಸಿ ತಮ್ಮದೇ ಕೆನ್ನೆಯ ಕೋಶಗಳಿಂದ ತೆಗೆಯುವುದು ಮಕ್ಕಳಿಗೆ ಬಹಳ ಇಷ್ಟ. ಬರುವ ಎಳೆ ಮಾತ್ರ ತೀರಾ ತೆಳು. ಹತ್ತು ಮಕ್ಕಳ ಚಿಕ್ಕ ಗುಂಪಿಗೆ ಅದು ಸರಿ.

ಆಲ್ಕೊಹಾಲ್ ಬಗ್ಗೆ. ಗಾಢವಾದ ಐಸೊಪ್ರೊಪೈಲ್ ಆಲ್ಕೊಹಾಲ್ ಇದ್ದರೆ ಉತ್ತಮ. 70 ಶೇಕಡಾದ ನೀರಿನಂಥ ಸ್ಯಾನಿಟೈಸರ್ ಮಾತ್ರ ಇದ್ದರೆ ರಸದ ಎರಡರಷ್ಟು ಹಾಕಿ. ಜೆಲ್ ಸ್ಯಾನಿಟೈಸರ್ ಬೇಡ. ಹತ್ತಿರ ಬೆಂಕಿ ಇರಬಾರದು, ಊದುಬತ್ತಿಯೂ.

ಪ್ರತಿ ಹೆಜ್ಜೆಯಲ್ಲೂ ಹಿಂದಿನ ಪಾಠ ಇದೆ, ಅದನ್ನು ಹೇಳಿಸಿ. ಲಿಕ್ವಿಡ್ ಯಾಕೆ? ಕೋಶಪೊರೆ ಕೊಬ್ಬಿನದು. ಜಿಡ್ಡಿನ ಪಾತ್ರೆ ತೊಳೆದ ಹಾಗೆ. ನಾಲ್ಕು ಹನಿ ಹಸಿ ಅನಾನಸ್ ರಸ ಸೇರಿಸಿದರೆ ಇನ್ನೂ ಒಳ್ಳೆಯದು. ಅದರ ಕಿಣ್ವ ಡಿಎನ್‌ಎಗೆ ಅಂಟಿಕೊಂಡ ಪ್ರೋಟೀನನ್ನು ಕತ್ತರಿಸುತ್ತದೆ. 1869ರಲ್ಲಿ ಫ್ರೆಡ್ರಿಕ್ ಮೀಷರ್ ಜರ್ಮನಿಯಲ್ಲಿ, ಆಸ್ಪತ್ರೆಯ ಬ್ಯಾಂಡೇಜುಗಳ ಕೀವಿನಿಂದ ಮೊದಲ ಬಾರಿ ಈ ವಸ್ತುವನ್ನು ಬೇರ್ಪಡಿಸಿದಾಗಲೂ ಪ್ರೋಟೀನ್ ತೆಗೆಯಲು ಹಂದಿಯ ಹೊಟ್ಟೆಯ ಪೆಪ್ಸಿನ್ ಎಂಬ ಕಿಣ್ವ ಬಳಸಿದ್ದರು. ಈ ಕಥೆ ಹೇಳುವಾಗ ತರಗತಿ ಸದ್ದಿಲ್ಲದೆ ಕೇಳುತ್ತದೆ.

ಆದರೆ ಎಳೆ ತೆಗೆಯುವುದನ್ನು ಒಂದೇ ಮಾಡಿ ನಿಲ್ಲಿಸಬೇಡಿ. ಕಂಡದ್ದು ಒಂದು ಡಿಎನ್‌ಎ ಎಳೆಯಲ್ಲ, ಎಣಿಸಲಾಗದಷ್ಟು ಎಳೆಗಳ ಮುದ್ದೆ. ಒಂದರ ಅಗಲ ಎರಡು ನ್ಯಾನೊಮೀಟರ್. ಅದರ ಮೇಲೆ ಮಾಹಿತಿ ಇದೆ ಅನ್ನುವುದು ಈ ಪ್ರಯೋಗದಿಂದ ಗೊತ್ತಾಗುವುದೇ ಇಲ್ಲ. ಅದಕ್ಕೆ ಮಾದರಿ ಬೇಕು. ದುಡ್ಡು ಕೊಟ್ಟು ತರುವ ಪ್ಲಾಸ್ಟಿಕ್ ಏಣಿಗಿಂತ ಬಣ್ಣದ ಕಾಗದದ ಪಟ್ಟಿ ನನಗೆ ಹೆಚ್ಚು ಇಷ್ಟ. ಏಣಿ ನೋಡಲು ಮಾತ್ರ, ಪಟ್ಟಿಯನ್ನು ಓದಬಹುದು. ಪಟ್ಟಿಯ ಮೇಲೆ ಡಿಎನ್‌ಎಯ ನಾಲ್ಕು ಅಕ್ಷರಗಳು (ಎ, ಟಿ, ಜಿ, ಸಿ), ಮೂರು ಮೂರು ಅಕ್ಷರ ಓದಿ ಪ್ರೋಟೀನ್ ಕಟ್ಟುವ ಯಾವ ಅಮೈನೋ ಆಮ್ಲ ಅಂತ ಕೋಷ್ಟಕದಲ್ಲಿ ಹುಡುಕುವುದು. ಈ ಸಂಕೇತ ಬಿಡಿಸಿದ್ದಕ್ಕೆ 1968ರ ನೊಬೆಲ್ ಪಡೆದ ಮೂವರಲ್ಲಿ ಹರಗೋಬಿಂದ್ ಖೊರಾನಾ ಒಬ್ಬರು. ಆಮೇಲೆ ಒಂದು ಅಕ್ಷರ ಬದಲಿಸಿ: ಜಿಎಜಿ ಇದ್ದದ್ದು ಜಿಟಿಜಿ ಆಗಲಿ. ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲೀನ್ ಬರುತ್ತದೆ. ಹಿಮೋಗ್ಲೋಬಿನ್‌ನಲ್ಲಿ ಇಷ್ಟೇ ಬದಲಾವಣೆಯಿಂದ ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುತ್ತದೆ.

ಮೊಬೈಲ್, ಸ್ಮಾರ್ಟ್ ಬೋರ್ಡ್ ಇದ್ದ ಶಾಲೆಯಲ್ಲಿ ಜೀನ್‌ನಿಂದ ಪ್ರೋಟೀನ್ ಆಗುವುದನ್ನು ಫೆಟ್ (PhET) ಎಂಬ ವಿಜ್ಞಾನ ಜಾಲತಾಣದ ಉಚಿತ ಸಿಮ್ಯುಲೇಶನ್‌ನಲ್ಲಿ ತೋರಿಸಬಹುದು. ಕಾಗದದ ಪಟ್ಟಿ ಮುಗಿಸಿದ ಮೇಲೆ ತೋರಿಸಿ, ಮೊದಲೇ ಬೇಡ. ಕೈಯಲ್ಲಿ ಮಾಡಿದವರಿಗೆ ಪರದೆಯ ಮೇಲೆ ಏನಾಗುತ್ತಿದೆ ಅಂತ ತಿಳಿಯುತ್ತದೆ.

ಚಯಾಪಚಯಕ್ಕೆ

ಈ ಪದವೇ ಮಕ್ಕಳನ್ನು ಹೆದರಿಸುತ್ತದೆ. ನಾನು 'ಒಡೆಯುವುದು, ಕಟ್ಟುವುದು' ಅಂತ ಶುರುಮಾಡುತ್ತೇನೆ.

ಯೀಸ್ಟ್ ಮತ್ತು ಬಲೂನು ಒಂದೇ ಪೀರಿಯಡ್ಡಿನಲ್ಲಿ ಮುಗಿಯುತ್ತದೆ. ಉಗುರು ಬೆಚ್ಚಗಿನ ಸಕ್ಕರೆ ನೀರು, ಒಣ ಯೀಸ್ಟ್, ಬಾಟಲಿಯ ಬಾಯಿಗೆ ಬಲೂನು. ಬರುವ ಗಾಳಿಯನ್ನು ಸುಣ್ಣದ ತಿಳಿಗೆ ಹಾಯಿಸಿದರೆ ಹಾಲಿನಂತಾಗುತ್ತದೆ. 1897ರಲ್ಲಿ ಎಡುವರ್ಡ್ ಬುಖ್ನರ್ ಯೀಸ್ಟನ್ನು ಅರೆದು, ಜೀವಕೋಶವೇ ಇಲ್ಲದ ರಸದಿಂದ ಸಕ್ಕರೆ ಹುದುಗಿಸಿದರು. ಹುದುಗುವಿಕೆಯೂ ಕಿಣ್ವಗಳ ಕೆಲಸ ಅಂತ ಆಗ ತಿಳಿಯಿತು. 'ಎನ್‌ಜೈಮ್' ಅಂದರೆ ಗ್ರೀಕಿನಲ್ಲಿ 'ಯೀಸ್ಟಿನೊಳಗೆ'. ನಮ್ಮ 'ಕಿಣ್ವ' ಕೂಡ ಸಂಸ್ಕೃತದಲ್ಲಿ ಹೆಂಡ ಹುದುಗಿಸಲು ಹಾಕುವ ವಸ್ತುವಿನ ಹೆಸರು. ಎರಡು ಭಾಷೆ, ಒಂದೇ ಗಡಿಗೆ.

ಇಡ್ಲಿ ಹಿಟ್ಟು ಮನೆಗೆಲಸಕ್ಕೆ ಒಳ್ಳೆಯದು. ಗಾಜಿನ ಲೋಟಕ್ಕೆ ಹಾಕಿ, ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ, ಒಂದು ಒಲೆಯ ಹತ್ತಿರ, ಒಂದು ಫ್ರಿಜ್ಜಿನಲ್ಲಿ. ಬೆಳಿಗ್ಗೆ ಅಳೆಯುವುದು. ಅದನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ, ಉದ್ದು ಅಕ್ಕಿಯ ಜೊತೆಗೇ ಬಂದದ್ದು. ಯೀಸ್ಟ್ ಅಂತ ಹೇಳಿಬಿಡಬೇಡಿ.

ಇವೆರಡಕ್ಕಿಂತ ನನಗೆ ಇಷ್ಟವಾದದ್ದು ಥರ್ಮಾಸ್ ಫ್ಲಾಸ್ಕ್. ಒಂದರಲ್ಲಿ ಮೊಳಕೆ ಬರುತ್ತಿರುವ ಹೆಸರುಕಾಳು, ಇನ್ನೊಂದರಲ್ಲಿ ಬೇಯಿಸಿ ಆರಿಸಿದ ಕಾಳು. ಬಾಯಿಗೆ ಹತ್ತಿ, ನಡುವೆ ಥರ್ಮಾಮೀಟರ್. ಒಂದೆರಡು ದಿನದಲ್ಲಿ ಮೊಳಕೆಯ ಫ್ಲಾಸ್ಕ್ ಕೆಲವು ಡಿಗ್ರಿ ಬಿಸಿಯಾಗಿರುತ್ತದೆ. ಕಾಳು ಉಸಿರಾಡುತ್ತಿದೆ ಅನ್ನುವುದನ್ನು ಮಕ್ಕಳು ಅಂಕಿಯಲ್ಲಿ ಓದುತ್ತಾರೆ. ಬೇಯಿಸಿದ ಕಾಳನ್ನು ಹೆಚ್ಚು ದಿನ ಬಿಟ್ಟರೆ ಕೊಳೆತು, ಸೂಕ್ಷ್ಮಜೀವಿಗಳಿಂದ ಅದೂ ಬಿಸಿಯಾದೀತು. ಎರಡನೇ ದಿನಕ್ಕೇ ಮುಗಿಸಿ.

ಇಲ್ಲಿಗೆ ರಾಗಿ ಮತ್ತೆ ಬರುತ್ತದೆ. ಕಾಳಿನಲ್ಲಿ ಪಿಷ್ಟ ಇದೆ. ನೀರು ಬಿದ್ದಾಗ ಭ್ರೂಣದಿಂದ ಜಿಬ್ಬರೆಲಿನ್ ಎಂಬ ಹಾರ್ಮೋನ್ ಹೊರಡುತ್ತದೆ. ಅದು ಅಮೈಲೇಸ್‌ನ ಜೀನ್‌ಗೆ ಕೆಲಸ ಶುರುಮಾಡು ಅನ್ನುತ್ತದೆ. ಬಾರ್ಲಿಯಲ್ಲಿ ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಜೀನ್ ಕಿಣ್ವ ಮಾಡಿಸುತ್ತದೆ, ಕಿಣ್ವ ಪಿಷ್ಟ ಒಡೆಯುತ್ತದೆ, ಸಕ್ಕರೆ ಉಸಿರಾಟಕ್ಕೆ ಹೋಗುತ್ತದೆ, ಫ್ಲಾಸ್ಕ್ ಬೆಚ್ಚಗಾಗುತ್ತದೆ. ಬೋರ್ಡಿನ ಮೇಲೆ ಒಂದು ಕಾಳು ಬರೆದು ಬಾಣ ಎಳೆಯುತ್ತಾ ಹೋಗಿ. ನಾಲ್ಕು ಪಾಠ ಅದರ ಸುತ್ತ ಬಂದು ಕೂರುತ್ತವೆ.

ಹೀಗೆ ಮಾಡುವುದಾದರೆ ಸಿದ್ಧತೆ ಹಿಂದಿನ ಬುಧವಾರ ಶುರುವಾಗಬೇಕು. ರಾತ್ರಿ ರಾಗಿ ನೆನೆಹಾಕಿ. ಗುರುವಾರ ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿ, ಶನಿವಾರ, ಭಾನುವಾರ ಬಿಸಿಲಿಗೆ ಹರಡಿ. ಮಳೆಗಾಲವಾದರೆ ಒಂದು ವಾರ ಮೊದಲೇ ಒಣಗಿಸಿ ಡಬ್ಬಿಗೆ ಹಾಕಿಟ್ಟುಕೊಳ್ಳಿ. ಸೋಮವಾರ ಗಂಜಿ, ಮಂಗಳವಾರ ಈರುಳ್ಳಿ, ಬುಧವಾರ ಕಾಗದದ ಪಟ್ಟಿ. ಹೆಸರುಕಾಳನ್ನು ಸೋಮವಾರ ಸಂಜೆ ನೆನೆಸಿ, ಬುಧವಾರ ಫ್ಲಾಸ್ಕಿಗೆ ತುಂಬಿದರೆ ಶುಕ್ರವಾರದ ಪೀರಿಯಡ್ಡಿಗೆ ಥರ್ಮಾಮೀಟರ್ ಓದಬಹುದು. ಫ್ಲಾಸ್ಕಿಗೆ ತುಂಬಿದ ದಿನದ ಉಷ್ಣತೆಯನ್ನು ಚೀಟಿಯಲ್ಲಿ ಬರೆದು ಫ್ಲಾಸ್ಕಿಗೇ ಅಂಟಿಸಿಡಿ.